ಅಂಗೈಯಗಲದ ಟೆರಾಹರ್ಟ್ಸ್ ಮಾಪಕ: ಒರೆಗಲ್ಲು ಡಬ್ಬಿಯೊಳಗೇ ಇರಬೇಕೇ?

ತರಂಗಜೀವಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಎರಡು ಟೆರಾಹರ್ಟ್ಸ್ ಸೋರ್ಸ್ ಇವೆ, ಅಂದರೆ ಮೈಕ್ರೋವೇವಿಗೂ ಇನ್‌ಫ್ರಾರೆಡ್‌ಗೂ ನಡುವಿನ ಅಲೆ ಹುಟ್ಟಿಸುವ ಸಾಧನಗಳು. ಒಂದು, ಕೆಳಗಿನ ಫ್ರೀಕ್ವೆನ್ಸಿಯನ್ನು ಹಂತಹಂತವಾಗಿ ಗುಣಿಸಿ 300 ಗಿಗಾಹರ್ಟ್ಸ್ ಕೊಡುವ ಮಲ್ಟಿಪ್ಲೈಯರ್ ಸರಪಳಿ. ಇನ್ನೊಂದು 2.5 ಟೆರಾಹರ್ಟ್ಸ್ ಆಸುಪಾಸಿನ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್. ಮೊದಲನೆಯದರ ಕೊನೆಯ ಬ್ಲಾಕ್ ಬೆಂಕಿಪೊಟ್ಟಣದಷ್ಟಿದೆ. ಎರಡನೆಯದರ ಚಿಪ್ಪನ್ನು, ಕೂಲರ್ ಬದಿಗಿಟ್ಟು ನೋಡಿದರೆ, ಚಿಮಟಿಗೆಯಲ್ಲಿ ಹಿಡಿಯಬೇಕು. ಆದರೆ ಇವನ್ನು ಅಳೆಯುವ ಸಾಮಾನು ಮಾತ್ರ ಒಂದಿಡೀ ಆಪ್ಟಿಕಲ್ ಟೇಬಲ್ ತುಂಬಿದೆ: ತಿರುಗುವ ಬ್ಲೇಡಿನಿಂದ ಬೀಮನ್ನು ತಡೆದು ಬಿಡುವ ಚಾಪರ್, ಆ ಬಡಿತದ ಸಿಗ್ನಲ್ಲನ್ನಷ್ಟೇ ಹೆಕ್ಕುವ ಲಾಕ್-ಇನ್ ಆಂಪ್ಲಿಫೈಯರ್, ಬಿಸಿಗೆ ಹಿಗ್ಗುವ ಅನಿಲದಿಂದ ಪವರ್ ಅಳೆಯುವ ಗೋಲೆ ಸೆಲ್, ಫ್ರೀಕ್ವೆನ್ಸಿ ಅಳೆಯುವ ಇಂಟರ್‌ಫೆರೋಮೀಟರ್, ನಾಲ್ಕು ಪ್ಯಾರಾಬೊಲಿಕ್ ಕನ್ನಡಿ.

ಸೋರ್ಸ್ ಇರುವಲ್ಲಿಗೇ ಒಯ್ದು, ಮುಂದೆ ಹಿಡಿದು, ಪವರ್ ಎಷ್ಟು, ಫ್ರೀಕ್ವೆನ್ಸಿ ಯಾವುದು ಎಂದು ಹೇಳಬಲ್ಲ ಒಂದು ಡಬ್ಬಿ ಕಟ್ಟಬೇಕೆಂದಿದ್ದೇನೆ. ಸದ್ಯದ ಯೋಚನೆ ಹೀಗಿದೆ: ಲಿಥಿಯಂ ಟ್ಯಾಂಟಲೇಟಿನ ಪೈರೋಎಲೆಕ್ಟ್ರಿಕ್ ಡಿಟೆಕ್ಟರ್ (ಬಿಸಿ ಬದಲಾದರೆ ವಿದ್ಯುತ್ ಸಿಗ್ನಲ್ ಕೊಡುವಂಥದ್ದು), ಕನ್ನಡಿ 15 ಮಿಲಿಮೀಟರ್ ಓಡುವ ಪುಟ್ಟ ಮೈಖೆಲ್ಸನ್ ಇಂಟರ್‌ಫೆರೋಮೀಟರ್, ಲಾಕ್-ಇನ್ ಬದಲು ಮೈಕ್ರೋಕಂಟ್ರೋಲರ್. ಇದರಲ್ಲಿ ಎಲ್ಲಿ ಎಡವುತ್ತೇನೆ ಅನ್ನೋದನ್ನು ಮೊದಲೇ ಹೇಳಿಬಿಡಿ.

ಹಳೇ ಲಾಕ್‌ಇನ್

ತರಂಗಜೀವಿ ಅವರೇ, ಡಬ್ಬಿ ಚಿಕ್ಕದು ಮಾಡುವುದು ಕಷ್ಟವಲ್ಲ. ಅದು ಹೇಳುವ ಅಂಕಿಯನ್ನು ನಂಬುವುದು ಕಷ್ಟ. ಟೇಬಲ್ ತುಂಬ ಸಾಮಾನು ಇದ್ದಾಗ ಅನುಮಾನ ಬಂದರೆ ಒಂದೊಂದನ್ನೇ ಬಿಚ್ಚಿ ನೋಡಬಹುದು, ಡಿಟೆಕ್ಟರ್ ಬದಲಿಸಿ ನೋಡಬಹುದು. ಮುಚ್ಚಿದ ಡಬ್ಬಿಯಲ್ಲಿ ಆ ದಾರಿ ಇಲ್ಲ.

ಈ ತರಂಗಪಟ್ಟಿಯ ಮೂಲ ತೊಂದರೆ ನೋಡಿ. 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ ಸುಮಾರು 4.1 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಉಷ್ಣತೆಗೆ ತಕ್ಕ ಶಕ್ತಿ ಸುಮಾರು 26. ಅಂದರೆ ನಿಮ್ಮ ಕೈ, ಗೋಡೆ, ಚಾಪರಿನ ಬ್ಲೇಡು, ಡಬ್ಬಿಯ ಒಳಮೈ ಎಲ್ಲವೂ ಇದೇ ಪಟ್ಟಿಯಲ್ಲಿ ಮತ್ತು ಅದಕ್ಕಿಂತ ಮೇಲಿನ ಇನ್‌ಫ್ರಾರೆಡ್‌ನಲ್ಲಿ ಸದಾ ಹೊಳೆಯುತ್ತಿರುತ್ತವೆ. ಪೈರೋ ಡಿಟೆಕ್ಟರಿಗೆ ಶಾಖ ಯಾರದಾದರೂ ಒಂದೇ. ಮೋಟಾರಿನ ಬಿಸಿ ತಾಗಿ ಚಾಪರ್ ಬ್ಲೇಡು ಅರ್ಧ ಡಿಗ್ರಿ ಏರಿದರೂ ಲಾಕ್-ಇನ್ ಅದನ್ನು ಸಿಗ್ನಲ್ ಎಂದೇ ಓದುತ್ತದೆ, ಏಕೆಂದರೆ ಬ್ಲೇಡು ತಿರುಗುವುದೂ ಅದೇ ಫ್ರೀಕ್ವೆನ್ಸಿಯಲ್ಲಿ. ನಾನು ಇಡೀ ಒಂದು ವಾರ ಸೋರ್ಸಿನ ಪವರ್ ಎಂದು ಬರೆದುಕೊಂಡ ಅಂಕಿಗಳಲ್ಲಿ ಮೂರನೇ ಒಂದು ಪಾಲು ಬ್ಲೇಡಿನದಾಗಿತ್ತು. ಸೋರ್ಸ್ ಆಫ್ ಮಾಡಿ ಅಳೆದಾಗ ಗೊತ್ತಾಯಿತು. ಸಾಧ್ಯವಿದ್ದರೆ ಚಾಪರ್ ಬೇಡ, ಸೋರ್ಸಿನ ಬಯಾಸನ್ನೇ (ಅದಕ್ಕೆ ಕೊಡುವ ವಿದ್ಯುತ್ತನ್ನೇ) ಆನ್-ಆಫ್ ಮಾಡಿ.

ಎರಡನೆಯದು ಸ್ಟ್ಯಾಂಡಿಂಗ್ ವೇವ್. 300 ಗಿಗಾಹರ್ಟ್ಸ್‌ಗೆ ತರಂಗಾಂತರ 1 ಮಿಲಿಮೀಟರ್. ಸೋರ್ಸಿನ ಹಾರ್ನ್ ಆಂಟೆನಾದ ಬಾಯಿಗೂ ಡಿಟೆಕ್ಟರಿಗೂ ನಡುವೆ ಅಲೆ ಹೋಗಿ ಬಂದು ಮಾಡುತ್ತದೆ. ಡಿಟೆಕ್ಟರನ್ನು ಮೈಕ್ರೋಮೀಟರ್ ತಿರುಪಿನಿಂದ ನಿಧಾನವಾಗಿ ಹಿಂದೆ ಸರಿಸಿ ನೋಡಿ: ಅಂಕಿ ಏರುತ್ತದೆ, ಕಾಲು ಮಿಲಿಮೀಟರ್ ದಾಟುವಷ್ಟರಲ್ಲಿ ತಳಕ್ಕೆ ಬೀಳುತ್ತದೆ, ಇನ್ನೊಂದು ಕಾಲು ಮಿಲಿಮೀಟರಿಗೆ ಮತ್ತೆ ಶಿಖರ. ಕೈಯಲ್ಲಿ ಹಿಡಿದ ಡಬ್ಬಿ ಅಷ್ಟು ಅಲುಗದೇ ಇರುತ್ತದೆಯೇ? ಡಿಟೆಕ್ಟರಿನ ಮುಖ ಓರೆ ಇಡಿ, ಕಾಲು ತರಂಗಾಂತರ ಸರಿಸಿ ಎರಡು ಸಲ ಓದಿ ಸರಾಸರಿ ತೆಗೆಯಿರಿ. ಈ ಎರಡೂ ಡಬ್ಬಿಯೊಳಗೇ ತಾನಾಗಿ ಆಗಬೇಕು.

ಹೊಸಬ_ಭೌತ

ಕ್ಷಮಿಸಿ, ನಾನು ಈ ಕ್ಷೇತ್ರಕ್ಕೆ ಹೊಸಬ. ಲೇಸರ್ ಪವರ್ ಮೀಟರುಗಳು ಅಂಗಡಿಯಲ್ಲೇ ಸಿಗುತ್ತವಲ್ಲ, ಕಪ್ಪು ಬಳಿದ ಥರ್ಮೋಪೈಲ್ ತಲೆ ಇರುವಂಥವು. ಶಾಖವೇ ಅಳೆಯುವುದಾದರೆ ಅದನ್ನೇ ಇಡಬಾರದೇಕೆ?

ಹಳೇ ಲಾಕ್‌ಇನ್

ಕ್ಷಮೆ ಯಾಕೆ, ಕೇಳಬೇಕಾದ ಪ್ರಶ್ನೆಯೇ ಅದು. ಆ ಕಪ್ಪು ನಮ್ಮ ಕಣ್ಣಿಗೆ ಕಪ್ಪು. ಬಳಿದ ಪದರ ಕೆಲವು ಹತ್ತು ಮೈಕ್ರಾನ್ ದಪ್ಪ ಇರುತ್ತದೆ, 1 ಟೆರಾಹರ್ಟ್ಸ್ ಅಲೆ 300 ಮೈಕ್ರಾನ್ ಉದ್ದ. ಅಲೆಗೆ ಅಲ್ಲಿ ಬಣ್ಣ ಇದೆಯೆಂದೇ ಗೊತ್ತಾಗುವುದಿಲ್ಲ, ಕೆಳಗಿನ ಲೋಹಕ್ಕೆ ಬಡಿದು ವಾಪಸು ಬರುತ್ತದೆ. ಹೀಲಿಯಂ-ನಿಯಾನ್ ಲೇಸರಿನಲ್ಲಿ ಕ್ಯಾಲಿಬ್ರೇಟ್ ಮಾಡಿದ ಸರ್ಟಿಫಿಕೇಟು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ಎರಡು ಒಳ್ಳೆಯ ಉತ್ತರಗಳು ಈಗಾಗಲೇ ಇವೆ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿ ಬಣ್ಣದ ಬದಲು ಗಾಜನ್ನೇ ಹೀರುವ ವಸ್ತುವಾಗಿ ಬಳಸಿತು. ಗಾಜಿನ ಆಳಕ್ಕಿಳಿದು ಅಲೆ ಕರಗುತ್ತದೆ. ಮೇಲ್ಮೈಯಿಂದ ಎಷ್ಟು ಪ್ರತಿಫಲಿಸುತ್ತದೆ ಎಂಬುದನ್ನು ಗಾಜಿನ ವಕ್ರೀಭವನ ಸೂಚ್ಯಂಕದಿಂದ ಲೆಕ್ಕಹಾಕಿ ತಿದ್ದಬಹುದು. ಅಮೆರಿಕದ ಎನ್‌ಐಎಸ್‌ಟಿ ಎಂಬ ಅಂಥದ್ದೇ ಸಂಸ್ಥೆ ಅಲೆ ಹೀರಲೆಂದು ನೆಟ್ಟಗೆ ನಿಂತ ಕಾರ್ಬನ್ ನ್ಯಾನೋಟ್ಯೂಬುಗಳ ದಟ್ಟ ಕಾಡನ್ನೇ ಬೆಳೆಸಿತು.

ಸಿಲಿಕಾನ್_ಹುಡುಗಿ

ಎಲ್ಲರೂ ಶಾಖದ ಡಿಟೆಕ್ಟರಿನ ಸುತ್ತಲೇ ಇದ್ದೀರಿ. ಚಿಕ್ಕದು ಬೇಕಾದರೆ ಸಿಲಿಕಾನ್ ಚಿಪ್ಪಿಗೇ ಬನ್ನಿ ಅಂತ ನನ್ನ ಒತ್ತಾಯ. ಸಂಶೋಧಕರಾದ ಡ್ಯಾಕೊನೊವ್ ಮತ್ತು ಶುರ್ 1996ರಲ್ಲಿ ತೋರಿಸಿಕೊಟ್ಟ ದಾರಿ ಇದೆ: ಟ್ರಾನ್ಸಿಸ್ಟರಿನ ಚಾನೆಲ್ಲಿನಲ್ಲಿರುವ ಎಲೆಕ್ಟ್ರಾನುಗಳು ದ್ರವದ ಹಾಗೆ ಅಲೆಯೇಳುತ್ತವೆ. ಟ್ರಾನ್ಸಿಸ್ಟರ್ ಆಂಪ್ಲಿಫೈ ಮಾಡಲಾಗದ ಫ್ರೀಕ್ವೆನ್ಸಿಯಲ್ಲೂ ಗೇಟಿಗೆ ಬಂದ ಟೆರಾಹರ್ಟ್ಸನ್ನು ಡಿಸಿ ವೋಲ್ಟೇಜಾಗಿ ಬದಲಿಸುತ್ತದೆ. ಮಾಮೂಲಿ ಚಿಪ್ಪುಗಳನ್ನು ಮಾಡುವ ಸಿಮಾಸ್ ಪ್ರೊಸೆಸ್ಸಿನಲ್ಲೇ ಆಂಟೆನಾ, ಟ್ರಾನ್ಸಿಸ್ಟರ್, ಆಂಪ್ಲಿಫೈಯರ್ ಎಲ್ಲ ಒಂದೇ ತುಂಡಿನಲ್ಲಿ ಬರುತ್ತದೆ. ಗೋಲೆ ಸೆಲ್ ಸೆಕೆಂಡಿಗೆ ಹತ್ತಿಪ್ಪತ್ತು ಬಡಿತಕ್ಕಿಂತ ವೇಗ ತಡೆಯುವುದಿಲ್ಲ, ಇದು ಮೆಗಾಹರ್ಟ್ಸ್‌ವರೆಗೂ ಹಿಂಬಾಲಿಸುತ್ತದೆ. ಲೇಸರಿನ ಪಲ್ಸ್ ಆಕಾರವನ್ನೇ ನೋಡಬಹುದು.

ಇನ್ನೊಂದು ವಿಷಯ: ಬೀಮಿನ ಆಕಾರ. ಪವರ್ ಸರಿಯಿದ್ದೂ ಬೀಮು ಎರಡು ಹೋಳಾಗಿದ್ದರೆ ಆ ಸೋರ್ಸನ್ನು ಇಟ್ಟುಕೊಂಡು ಏನು ಮಾಡುವುದು? ಉಷ್ಣ ಕ್ಯಾಮೆರಾಗಳ ಮೈಕ್ರೋಬೊಲೋಮೀಟರ್ ಸೆನ್ಸರ್ 8ರಿಂದ 14 ಮೈಕ್ರಾನಿಗೆಂದು ಮಾಡಿದ್ದರೂ 2.5 ಟೆರಾಹರ್ಟ್ಸ್ ಲೇಸರಿನ ಮಿಲಿವಾಟ್‌ಗಳಿಗೆ ಸ್ಪಂದಿಸುತ್ತದೆ. ಲೆನ್ಸ್ ತೆಗೆದು ನೇರ ಸೆನ್ಸರಿನ ಮೇಲೆ ಬಿಟ್ಟರೆ ಮಚ್ಚೆ ಕಾಣಿಸುತ್ತದೆ. ನಾನು ಮೊದಲ ಸಲ ನೋಡಿದ್ದು ಉಂಗುರದಂಥ ಮಚ್ಚೆ. ಒಂದು ಕಡೆ ಬಾಲ ಬೇರೆ. ಚಿಪ್ಪಿನ ಅಂಚು ಆಧಾರದ ಕಟ್ಟೆಗಿಂತ ಕೂದಲೆಳೆಯಷ್ಟು ಹಿಂದೆ ಕೂತಿತ್ತು, ಬೀಮಿನ ಕೆಳಭಾಗ ಲೋಹಕ್ಕೆ ಬಡಿದು ಮೇಲೆದ್ದಿತ್ತು. ಪವರ್ ಮೀಟರಿನಿಂದ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಹಳೇ ಲಾಕ್‌ಇನ್

ಬೀಮಿನ ಮಾತು ನೂರಕ್ಕೆ ನೂರು ಒಪ್ಪಿದೆ. 300 ಗಿಗಾಹರ್ಟ್ಸ್‌ಗೆ ಮಾತ್ರ ಆ ಕ್ಯಾಮೆರಾ ಕೈಕೊಡುತ್ತದೆ. 1 ಮಿಲಿಮೀಟರ್ ಅಲೆಗೆ 17 ಮೈಕ್ರಾನಿನ ಪಿಕ್ಸೆಲ್ ಇಲ್ಲದ್ದಕ್ಕೆ ಸಮ.

ಆದರೆ ಟ್ರಾನ್ಸಿಸ್ಟರ್ ಡಿಟೆಕ್ಟರನ್ನು *ಪವರ್ ಮಾಪಕ* ಅನ್ನಬೇಡಿ ಮೇಡಂ. ಅದರ ಆಂಟೆನಾಗೆ ತನ್ನದೇ ಫ್ರೀಕ್ವೆನ್ಸಿ ಇಷ್ಟಾನಿಷ್ಟಗಳಿವೆ, ಪೋಲರೈಸೇಶನ್ (ಅಲೆ ಕಂಪಿಸುವ ದಿಕ್ಕು) ಇದೆ, ಚಿಪ್ಪಿನ ದಪ್ಪದೊಳಗೆ ಎಟಲಾನ್ ಇದೆ, ಅಂದರೆ ಎರಡು ಮೈಗಳ ನಡುವೆ ಅಲೆ ಪುಟಿದಾಡುತ್ತದೆ. ಸೋರ್ಸ್ ಶೇ. 2ರಷ್ಟು ಸರಿದರೆ ಡಿಟೆಕ್ಟರಿನ ಸ್ಪಂದನೆ ಎಷ್ಟು ಸರಿಯುತ್ತದೆಂದು ಮೊದಲು ಬೇರೊಂದು ಮಾಪಕದಿಂದ ಅಳೆದಿರಬೇಕು. ವೇಗಕ್ಕೆ ಅದು, ನಂಬಿಕೆಗೆ ಶಾಖ.

ಸಿಲಿಕಾನ್_ಹುಡುಗಿ

ಸರಿ ಸರ್, ಹೋಲಿಸಿ ನೋಡುವ ಡಿಟೆಕ್ಟರ್ ಎಂದೇ ಇಟ್ಟುಕೊಳ್ಳೋಣ. ಆದರೆ ಪೈರೋ ಕೂಡ ಅಷ್ಟೇ ತಾನೆ? ಅದರ ಮುಖದ ಲೇಪವೂ ಫ್ರೀಕ್ವೆನ್ಸಿಗೆ ತಕ್ಕಂತೆ ಕುಣಿಯುತ್ತದೆ. ಹಾಗಾದರೆ ಡಬ್ಬಿಯೊಳಗೆ ನಂಬಬಹುದಾದದ್ದು ಯಾವುದು?

ಪ್ರಮಾಣಪ್ರಿಯೆ

ಈ ಪ್ರಶ್ನೆಗೇ ಕಾಯುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನ್ನ ದಿನನಿತ್ಯದ ಕೆಲಸ.

ಒಂದು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಅತಿ ತೆಳುವಾದ ಲೋಹದ ಪದರ ಕೂರಿಸಿ. ಅದರ ಶೀಟ್ ರೆಸಿಸ್ಟೆನ್ಸ್ (ಒಂದು ಚೌಕ ತುಂಡಿನ ವಿದ್ಯುತ್ ಪ್ರತಿರೋಧ) ಸುಮಾರು 188 ಓಮ್, ಅಂದರೆ ನಿರ್ವಾತದ 377 ಓಮ್ ಇಂಪೀಡೆನ್ಸಿನ ಅರ್ಧ ಇದ್ದರೆ, ಲಂಬವಾಗಿ ಬಿದ್ದ ಅಲೆಯಲ್ಲಿ ಶೇ. 50 ಹೀರಲ್ಪಡುತ್ತದೆ, ಶೇ. 25 ಹಿಂದೆ ಬರುತ್ತದೆ, ಶೇ. 25 ದಾಟಿ ಹೋಗುತ್ತದೆ. ಪದರ ತರಂಗಾಂತರಕ್ಕಿಂತ ತುಂಬ ತೆಳುವಾಗಿರುವವರೆಗೆ ಇದು ಫ್ರೀಕ್ವೆನ್ಸಿ ನೋಡುವುದಿಲ್ಲ. 300 ಗಿಗಾಹರ್ಟ್ಸ್‌ಗೂ ಅರ್ಧ, 2.5 ಟೆರಾಹರ್ಟ್ಸ್‌ಗೂ ಅರ್ಧ. ನನಗೆ ತುಂಬ ಪ್ರೀತಿಯ ವಿಷಯ ಇನ್ನೊಂದಿದೆ: ಶೇ. 50 ಎನ್ನುವುದು ಶಿಖರ, ಮತ್ತು ಆ ಶಿಖರ ಚಪ್ಪಟೆ. ಲೇಪ ಹಾಕುವಾಗ ಕೈತಪ್ಪಿ 150 ಓಮ್ ಆದರೂ ಹೀರುವುದು ಶೇ. 49ಕ್ಕಿಂತ ಕೆಳಗಿಳಿಯುವುದಿಲ್ಲ. ಇಷ್ಟು ಕ್ಷಮಾಗುಣ ಇರುವ ವಸ್ತು ಮಾಪನದಲ್ಲಿ ಅಪರೂಪ.

ಈಗ ಒರೆಗಲ್ಲಿನ ಮಾತು. ಅದೇ ಪದರದ ಎರಡು ಅಂಚಿಗೆ ತಂತಿ ಕೊಟ್ಟು ವಿದ್ಯುತ್ ಹರಿಸಿ. ವೋಲ್ಟೇಜು, ಕರೆಂಟು ಎರಡೂ ಗೊತ್ತು, ಆದ್ದರಿಂದ ಎಷ್ಟು ಮಿಲಿವಾಟ್ ಶಾಖ ಹುಟ್ಟಿತು ಎಂಬುದೂ ಗೊತ್ತು. ಅಲೆಯಿಂದ ಬಂದ ಸಿಗ್ನಲ್ಲನ್ನೂ ವಿದ್ಯುತ್ತಿನಿಂದ ಬಂದ ಸಿಗ್ನಲ್ಲನ್ನೂ ತಾಳೆ ನೋಡಿ. ಟೆರಾಹರ್ಟ್ಸ್ ವಾಟನ್ನು ಮಲ್ಟಿಮೀಟರಿನ ವಾಟಿಗೆ ಕಟ್ಟಿಹಾಕಿದಂತಾಯಿತು. ಪದರವನ್ನು ಮುಚ್ಚಿದ ಗಾಳಿಗೂಡಿನಲ್ಲಿಟ್ಟು, ಬಿಸಿಯಾದಾಗ ಏರುವ ಒತ್ತಡವನ್ನು ಅಳೆಯುವ ಫೋಟೋಅಕೌಸ್ಟಿಕ್ ಮಾದರಿ ಹಳೆಯದು, ಪರೀಕ್ಷೆಗೆ ನಿಂತದ್ದು. ಕಿಟಕಿಗೆ ಟಿಪಿಎಕ್ಸ್ ಪ್ಲಾಸ್ಟಿಕ್ ಹಾಕಿ, ಬೀಮು ಸುಮಾರು 55 ಡಿಗ್ರಿ ಓರೆಯಲ್ಲಿ, ಸರಿಯಾದ ಪೋಲರೈಸೇಶನ್ನಿನಲ್ಲಿ ಬಂದರೆ ಕಿಟಕಿಯ ಪ್ರತಿಫಲನವೂ ಇಲ್ಲವಾಗುತ್ತದೆ. ಅದೇ ಬ್ರೂಸ್ಟರ್ ಕೋನ. ಪದರ ಓರೆಯಾದಾಗ ಶೇ. 50ರ ಲೆಕ್ಕ ಬದಲಾಗುತ್ತದೆ, ಆದರೆ ಅದೂ ಸೂತ್ರದಲ್ಲೇ ಸಿಗುತ್ತದೆ.

ದೊಡ್ಡ ಪ್ರಮಾಣ ಸಂಸ್ಥೆಗಳೂ ತಮ್ಮ ತಮ್ಮ ಮಾಪಕಗಳನ್ನು ಒಂದೇ ಸೋರ್ಸಿನ ಮುಂದೆ ತಾಳೆ ನೋಡಿವೆ. ಜರ್ಮನಿಯ ಪಿಟಿಬಿ, ಅಮೆರಿಕದ ಎನ್‌ಐಎಸ್‌ಟಿ, ಚೀನಾದ ಎನ್‌ಐಎಂ ಸೇರಿ 2.52 ಮತ್ತು 0.762 ಟೆರಾಹರ್ಟ್ಸ್‌ನಲ್ಲಿ ಹೋಲಿಕೆ ಮಾಡಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಲೇಸರ್ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ ಈ ಪಟ್ಟಿಗೆ ಮೊದಲ ಅಂತರರಾಷ್ಟ್ರೀಯ ಹೋಲಿಕೆ! ನಾವು ಎಷ್ಟು ಎಳೆಯ ನೆಲದಲ್ಲಿ ನಿಂತಿದ್ದೇವೆ ನೋಡಿ.

ತರಂಗಜೀವಿ

ಪ್ರಮಾಣಪ್ರಿಯೆ ಅವರೇ, ಇದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಎರಡು ಅನುಮಾನ. ವಿದ್ಯುತ್ತು ಪದರವನ್ನು ಪೂರ್ತಿ ಸಮನಾಗಿ ಬಿಸಿ ಮಾಡುತ್ತದೆ, ಬೀಮು ನಡುವೆ ಮಾತ್ರ. ಎರಡೂ ಒಂದೇ ಅನ್ನಬಹುದೇ? ಮತ್ತೆ, ಒತ್ತಡ ಅಳೆಯಲು ಚಿಕ್ಕ ಮೈಕ್ ಇಟ್ಟರೆ 15 ಹರ್ಟ್ಸ್‌ನಂಥ ಕೆಳ ಫ್ರೀಕ್ವೆನ್ಸಿಯಲ್ಲಿ ಅದರ ಸ್ಪಂದನೆ ಕುಸಿದಿರುತ್ತದೆ.

ಪ್ರಮಾಣಪ್ರಿಯೆ

ಎರಡನೆಯದು ತೊಂದರೆಯೇ ಅಲ್ಲ. ಮೈಕ್ ಎಷ್ಟು ಸೊಟ್ಟಗಿದ್ದರೂ ಅಲೆಗೂ ವಿದ್ಯುತ್ತಿಗೂ ಒಂದೇ ಸೊಟ್ಟ. ಎರಡನ್ನೂ ಒಂದೇ 15 ಹರ್ಟ್ಸ್‌ನಲ್ಲಿ ಬಡಿಯಿರಿ, ಭಾಗಿಸುವಾಗ ಮೈಕ್ ಲೆಕ್ಕದಿಂದಲೇ ಹೊರಬೀಳುತ್ತದೆ. ಸಿಗ್ನಲ್ ಕ್ಷೀಣವಾಗುವುದು ಮಾತ್ರ ನಷ್ಟ.

ಮೊದಲನೆಯದು ನಿಜವಾದ ಅನುಮಾನ. ಗೂಡಿನ ಗಾಳಿ ಒಟ್ಟು ಶಾಖಕ್ಕೆ ಸ್ಪಂದಿಸುತ್ತದೆ, ಆದ್ದರಿಂದ ನಡುವೆಯೋ ಇಡೀ ಹಾಳೆಯೋ ಎಂಬುದು ಅಷ್ಟಾಗಿ ಮುಖ್ಯವಲ್ಲ. ಆದರೆ ಅಂಚಿನ ಹತ್ತಿರ ಹುಟ್ಟಿದ ಶಾಖ ಚೌಕಟ್ಟಿನ ಲೋಹಕ್ಕೆ ಸೋರುತ್ತದೆ. ಬೀಮನ್ನು ಅಡ್ಡಡ್ಡ ಸರಿಸುತ್ತ ಅಳೆಯಿರಿ. ನಡುಭಾಗದಲ್ಲಿ ಅಂಕಿ ಸಮತಟ್ಟಾಗಿ ನಿಂತರೆ ಅಷ್ಟಗಲ ನಂಬಬಹುದು, ಅದರಾಚೆಗೆ ಬೇಡ.

ಗಾಜುಕಣ್ಣು

ಪವರ್ ಕಡೆ ದಾರಿ ಸಿಕ್ಕಿತು ಅನ್ನಿಸುತ್ತದೆ. ಇಂಟರ್‌ಫೆರೋಮೀಟರ್ ಬಗ್ಗೆ ನನ್ನದೊಂದಿಷ್ಟು.

ಕನ್ನಡಿ 15 ಮಿಲಿಮೀಟರ್ ಓಡಿದರೆ ರೆಸಲ್ಯೂಶನ್ 10 ಗಿಗಾಹರ್ಟ್ಸ್. ಇದು ಕಮ್ಮಿ ಅನ್ನಿಸಬಹುದು, ಆದರೆ ನಿಮ್ಮ ಮಲ್ಟಿಪ್ಲೈಯರಿನ ಫ್ರೀಕ್ವೆನ್ಸಿ ಸಿಂಥಸೈಸರಿನಿಂದ ಮೊದಲೇ ಗೊತ್ತಿರುತ್ತದೆ. ಅಲ್ಲಿ ಇಂಟರ್‌ಫೆರೋಮೀಟರ್ ಹೇಳಬೇಕಾದ್ದು ಬೇರೆ. 100 ಗಿಗಾಹರ್ಟ್ಸನ್ನು ಮೂರು ಪಟ್ಟು ಮಾಡುವ ಕೊನೆಯ ಹಂತದಿಂದ 200, 400 ಕೂಡ ನುಸುಳಬಹುದು. ಪವರ್ ಮೀಟರ್ ಎಲ್ಲವನ್ನೂ ಕೂಡಿಸಿ ಒಂದೇ ಅಂಕಿ ಕೊಡುತ್ತದೆ, ನೀವು ಅದನ್ನು 300ರ ಖಾತೆಗೆ ಬರೆದುಕೊಳ್ಳುತ್ತೀರಿ. ಸ್ಪೆಕ್ಟ್ರಮ್ ಇಲ್ಲದ ಪವರ್ ಅಂಕಿಯನ್ನು ನಾನು ಒಪ್ಪುವುದೇ ಇಲ್ಲ. ಇದನ್ನು ಬೇರ್ಪಡಿಸಲು 10 ಗಿಗಾಹರ್ಟ್ಸ್ ಧಾರಾಳ ಸಾಕು.

ಬೀಮನ್ನು ಎರಡಾಗಿ ಒಡೆಯುವ ಬೀಮ್ ಸ್ಪ್ಲಿಟರಿಗೆ ಎಲ್ಲರೂ ಮೈಲಾರ್ ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ. 50 ಮೈಕ್ರಾನಿನ ಹಾಳೆ 45 ಡಿಗ್ರಿಯಲ್ಲಿ ನಿಂತರೆ 1.9 ಟೆರಾಹರ್ಟ್ಸ್ ಸುತ್ತಮುತ್ತ ಅದರ ದಕ್ಷತೆ ಸೊನ್ನೆಗಿಳಿಯುತ್ತದೆ, ಎರಡು ಮೈಗಳಿಂದ ಬಂದ ಅಲೆಗಳು ಒಂದನ್ನೊಂದು ಅಳಿಸುತ್ತವೆ. 300 ಗಿಗಾಹರ್ಟ್ಸ್‌ನಲ್ಲೂ ದುರ್ಬಲವೇ. ನಿಮಗೆ ಎರಡು ತುದಿಯೂ ಬೇಕಾದ್ದರಿಂದ ಸ್ಪ್ಲಿಟರನ್ನೇ ಬಿಟ್ಟುಬಿಡಿ, ಲ್ಯಾಮೆಲ್ಲರ್ ಗ್ರೇಟಿಂಗ್ ಹಾಕಿ. ಬಾಚಣಿಗೆಯ ಹಲ್ಲುಗಳಂತೆ ಒಂದರ ಸಂದಿನಲ್ಲೊಂದು ಕೂತ ಎರಡು ಗುಂಪು ಕನ್ನಡಿಪಟ್ಟಿಗಳು, ಒಂದು ಗುಂಪು ಸ್ಥಿರ, ಇನ್ನೊಂದು ಹಿಂದೆ ಸರಿಯುತ್ತದೆ. ಅಲೆಯ ಮುಂಭಾಗವೇ ಎರಡು ಪಾಲಾಗುತ್ತದೆ. ಒಂದೇ ಬ್ಲಾಕಿನಲ್ಲಿ ಮುಗಿಯುತ್ತದೆ, ಅಲೈನ್‌ಮೆಂಟ್ ಕೆಡಲು ಎರಡನೇ ತೋಳೇ ಇಲ್ಲ. ಪಟ್ಟಿಯ ಅಗಲಕ್ಕೆ ತಕ್ಕ ಮೇಲ್ಮಿತಿ ಫ್ರೀಕ್ವೆನ್ಸಿ ಇರುತ್ತದೆ, ಅದನ್ನು ಮೊದಲೇ ಲೆಕ್ಕಹಾಕಿ.

ಇನ್ನು, ಡಬ್ಬಿ ಚಿಕ್ಕದಾದರೂ ಬೀಮು ಚಿಕ್ಕದಾಗಲು ಒಪ್ಪುವುದಿಲ್ಲ. 1 ಮಿಲಿಮೀಟರ್ ಅಲೆಯನ್ನು 5 ಮಿಲಿಮೀಟರ್ ತ್ರಿಜ್ಯದ ಸೊಂಟಕ್ಕೆ (ಬೀಮಿನ ಅತಿ ಕಿರಿದಾದ ಜಾಗಕ್ಕೆ) ಬಿಗಿದರೆ ಸುಮಾರು 8 ಸೆಂಟಿಮೀಟರಿನಲ್ಲೇ ಅದು ಹರಡತೊಡಗುತ್ತದೆ. ಆಪ್ಟಿಕ್ಸ್ 25 ಮಿಲಿಮೀಟರಿಗಿಂತ ಕಿರಿದು ಮಾಡಬೇಡಿ.

ಕೊನೆಗೆ ಒಂದು ಯೋಚನೆ: ಪದರ ದಾಟಿ ಹೋಗುವ ಶೇ. 25 ಹಾಳಾಗುತ್ತಿದೆಯಲ್ಲ? ಗಾಳಿಗೂಡಿನ ಹಿಂದೆಯೂ ಒಂದು ಕಿಟಕಿ ಇಟ್ಟು ಅದನ್ನೇ ಇಂಟರ್‌ಫೆರೋಮೀಟರಿಗೆ ಕೊಡಿ. ಒಂದೇ ಬೀಮಿನ ಪವರ್, ಸ್ಪೆಕ್ಟ್ರಮ್ ಎರಡೂ ಒಂದೇ ಹೊತ್ತಿನಲ್ಲಿ.

ಸಿಲಿಕಾನ್_ಹುಡುಗಿ

ಆಹಾ, ಇದು ಸೊಗಸು. ಚಿಕ್ಕದಾಗುವುದು ಅಂದರೆ ಇದೇ. ಒಂದೊಂದು ಭಾಗವನ್ನು ಕುಗ್ಗಿಸುವುದಲ್ಲ, ಒಂದೇ ಭಾಗದಿಂದ ಎರಡು ಕೆಲಸ ಮಾಡಿಸುವುದು.

ಹಳೇ ಲಾಕ್‌ಇನ್

ಸೊಗಸು ನಿಜ, ಆದರೆ ಸ್ವಲ್ಪ ತಡೆಯಿರಿ. ಇಂಟರ್‌ಫೆರೋಮೀಟರಿಗೆ ಹೋದ ಅಲೆಯಲ್ಲಿ ಒಂದು ಪಾಲು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಅದು ಪದರವನ್ನು ಹಿಂದಿನಿಂದ ಮತ್ತೊಮ್ಮೆ ಬಿಸಿ ಮಾಡುತ್ತದೆ, ಮಿಕ್ಕಿದ್ದು ಸೋರ್ಸಿನೊಳಕ್ಕೇ ನುಗ್ಗುತ್ತದೆ. ಕನ್ನಡಿ ಸರಿದಂತೆಲ್ಲ ಪವರ್ ಅಂಕಿ ಏರಿಳಿಯುತ್ತದೆ, ನೀವು ಸೋರ್ಸ್ ಅಸ್ಥಿರ ಎಂದುಕೊಳ್ಳುತ್ತೀರಿ. ಕ್ವಾಂಟಮ್ ಕ್ಯಾಸ್ಕೇಡ್ ಲೇಸರಂತೂ ತನ್ನದೇ ಬೆಳಕು ವಾಪಸು ಬಂದರೆ ಫ್ರೀಕ್ವೆನ್ಸಿಯನ್ನೇ ಬದಲಿಸಿಕೊಳ್ಳಬಲ್ಲದು. ಅಳೆಯುವ ಉಪಕರಣವೇ ಅಳೆಯಬೇಕಾದ್ದನ್ನು ಬದಲಿಸಬಾರದು. ಗೂಡಿನ ಹಿಂದೆ ಒಂದು ಶಟರ್ ಬೇಕೇ ಬೇಕು, ಅದರ ಮೈಗೆ ಹೀರುವ ಫೋಮ್. ಶಟರ್ ಮುಚ್ಚಿ ಪವರ್ ಓದಿ, ತೆರೆದು ಸ್ಪೆಕ್ಟ್ರಮ್ ಓದಿ. ತೆರೆದಾಗ ಪವರ್ ಎಷ್ಟು ಬದಲಾಯಿತು ಎಂಬುದನ್ನೂ ಬರೆದಿಡಿ. ಹಿಂಬೆಳಕು ಎಷ್ಟಿದೆ ಎಂದು ಅದೇ ಹೇಳುತ್ತದೆ. ಗ್ರೇಟಿಂಗನ್ನೂ ತುಸು ಓರೆ ಇಡಿ.

ಹೊಸಬ_ಭೌತ

ಫ್ರೀಕ್ವೆನ್ಸಿಗೂ ಇಂಥದ್ದೇ ಒರೆಗಲ್ಲು ಇದೆಯೇ?

ಗಾಜುಕಣ್ಣು

ಇದೆ. ಕನ್ನಡಿ ಎಷ್ಟು ಸರಿಯಿತು ಎಂಬುದನ್ನು ಒಂದು ಪುಟ್ಟ ಗೋಚರ ಲೇಸರಿನ ಫ್ರಿಂಜ್ (ಬೆಳಕು-ಕತ್ತಲೆಯ ಗೆರೆ) ಎಣಿಸಿ ತಿಳಿಯಬಹುದು. ಅಗಲ ಪಟ್ಟಿಯ ಪಲ್ಸ್ ಸೋರ್ಸ್ ಇದ್ದರೆ ಗಾಳಿಯೇ ಅಳತೆಪಟ್ಟಿ: ನೀರಾವಿಯ ಗೆರೆಗಳು 0.557, 0.752, 0.988, 1.097 ಟೆರಾಹರ್ಟ್ಸ್‌ನಲ್ಲಿ ಕಚ್ಚು ಹಾಕಿದಂತೆ ಕಾಣುತ್ತವೆ, ಎಲ್ಲಿಗೆ ಹೋದರೂ ಅವೇ ಜಾಗ. ಆದರೆ ಅದೇ ನೀರಾವಿ ಪವರಿಗೆ ಶತ್ರು. 0.557ರ ಗೆರೆಯ ಮೇಲೆ ಒಂದು ಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಅಲೆ ಗಾಳಿಯಲ್ಲೇ ಕರಗಿರುತ್ತದೆ. ಆದ್ದರಿಂದ ಡಬ್ಬಿಯಲ್ಲಿ ತೇವಾಂಶದ ಸೆನ್ಸರ್ ಒಂದಿರಲಿ, ಪ್ರತಿ ಅಂಕಿಯ ಜೊತೆ ತೇವಾಂಶವೂ ದಾಖಲಾಗಲಿ.

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ. ಜಗದೀಶಚಂದ್ರ ಬೋಸರು 1890ರ ದಶಕದಲ್ಲೇ 60 ಗಿಗಾಹರ್ಟ್ಸ್‌ವರೆಗಿನ ಅಲೆಗಳನ್ನು ಹುಟ್ಟಿಸಿ, ಸೋರ್ಸು, ಹಾರ್ನು, ಪ್ರಿಸಮ್, ಡಿಟೆಕ್ಟರ್ ಎಲ್ಲ ಒಂದೇ ಹಲಗೆಯ ಮೇಲೆ ಜೋಡಿಸಿದ್ದರು. 1897ರಲ್ಲಿ ಅದನ್ನು ಲಂಡನ್ನಿಗೆ ಒಯ್ದು ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ತೋರಿಸಿದರು. ಪೋಲರೈಸರಿಗೆಂದು ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ತಗಡು ಸೇರಿಸಿದ್ದರು. ಒಯ್ಯಬಹುದಾದ ಉಪಕರಣ ಎಂಬ ನಿಮ್ಮ ಯೋಚನೆ ಬಂದಾಗಲೆಲ್ಲ ನನಗೆ ಆ ಪುಸ್ತಕ ನೆನಪಾಗುತ್ತದೆ.

ತರಂಗಜೀವಿ

ಎಲ್ಲರಿಗೂ ಕೃತಜ್ಞತೆ. ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ, ಗಾಳಿಗೂಡು ನಿಂತಿದೆ.

ಮೈಲಾರಿನ ಮೇಲೆ ನಿಕ್ರೋಮ್ ಪದರ, ಅಳೆದಾಗ 170 ಓಮ್ ಬಂತು. ಸದ್ಯಕ್ಕೆ ಗೂಡು ಬೀಮಿಗೆ ಹೆಚ್ಚು ಕಡಿಮೆ ಲಂಬವಾಗಿದೆ, ಬ್ರೂಸ್ಟರ್ ಕೋನದ ಚೌಕಟ್ಟು ಇನ್ನೂ ಆಗಬೇಕು. ಮೊದಲ ದಿನ ಸೋರ್ಸ್ ಆಫ್ ಇದ್ದಾಗಲೂ ಅಂಕಿ ಓಡಾಡುತ್ತಿತ್ತು. ಯಾರೋ ಕಾರಿಡಾರಿನ ಬಾಗಿಲು ಹಾಕಿದಾಗಲೆಲ್ಲ ದೊಡ್ಡ ಜಿಗಿತ. ಗೂಡಿನ ಗಾಳಿ ಹೊರಗಿನ ಒತ್ತಡಕ್ಕೂ ಕಿವಿಗೊಡುತ್ತಿತ್ತು. ಪಕ್ಕದಲ್ಲೇ ಅಂಥದ್ದೇ ಎರಡನೇ ಕುರುಡು ಗೂಡಿಟ್ಟು, ಎರಡು ಮೈಕುಗಳ ವ್ಯತ್ಯಾಸ ತೆಗೆದ ಮೇಲೆ ಬಾಗಿಲಿನ ಕಾಟ ತಪ್ಪಿತು. ಆಮೇಲೆ ಕೈ. ಕಿಟಕಿಯ ಮುಂದೆ ಅಂಗೈ ಆಡಿಸಿದರೆ ಒಂದಿಷ್ಟು ಸಿಗ್ನಲ್ ಬರುತ್ತಿತ್ತು. ಕಪ್ಪು ಪಾಲಿಥೀನ್ ಒಂದು ಪದರ ಸೇರಿಸಿದ್ದು ಗೋಚರ ಬೆಳಕನ್ನು ತಡೆಯಿತು, ಶಾಖವನ್ನು ಪೂರ್ತಿ ತಡೆಯಲಿಲ್ಲ. ಟೆಫ್ಲಾನ್ ತಟ್ಟೆ ಇಟ್ಟ ಮೇಲೆ ಬಹಳಷ್ಟು ತಗ್ಗಿತು.

ಸೋರ್ಸಿನ ಬಯಾಸನ್ನೇ 15 ಹರ್ಟ್ಸ್‌ನಲ್ಲಿ ಬಡಿದು 300 ಗಿಗಾಹರ್ಟ್ಸ್ ಅಳೆದೆ. 1 ಮಿಲಿವಾಟ್ ಹತ್ತಿರದ ಬೀಮು ಸ್ಪಷ್ಟವಾಗಿ ಕಾಣುತ್ತದೆ, 50 ಮೈಕ್ರೋವಾಟಿಗೆ ಇಳಿಸಿದರೆ ಗದ್ದಲದಲ್ಲಿ ಮುಳುಗುತ್ತದೆ. ಗೋಲೆ ಸೆಲ್ಲಿನ ಸೂಕ್ಷ್ಮತೆಯ ಹತ್ತಿರಕ್ಕೂ ಬಂದಿಲ್ಲ. ಆದರೆ ನಮ್ಮ ಗೋಲೆ ಸೆಲ್ ಹೇಳುತ್ತಿದ್ದ ಅಂಕಿಗೂ ಇದು ಹೇಳುವುದಕ್ಕೂ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಅಂತರವಿದೆ. ಪದರಕ್ಕೆ ಕೊಟ್ಟ ಕರೆಂಟನ್ನು ಮೂರು ಸಲ ಪರೀಕ್ಷಿಸಿದೆ, ಬೀಮನ್ನು ಅಡ್ಡಡ್ಡ ಸರಿಸಿದೆ, ಕಾಲು ಮಿಲಿಮೀಟರ್ ಸರಿಸಿ ಸರಾಸರಿ ತೆಗೆದೆ. ಅಂತರ ಹಾಗೇ ಇದೆ. ಇಷ್ಟು ದಿನ ನಾವು ವರದಿಗಳಲ್ಲಿ ಬರೆದ ಪವರ್ ತಪ್ಪಿರಬಹುದು ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಪ್ರಮಾಣಪ್ರಿಯೆ

ಗಾಬರಿ ಬೇಡ. ಗೋಲೆ ಸೆಲ್ಲಿನ ಕ್ಯಾಲಿಬ್ರೇಶನ್ ಯಾವ ಫ್ರೀಕ್ವೆನ್ಸಿಯಲ್ಲಿ ಆಗಿದ್ದು, ಕಿಟಕಿ ಯಾವ ವಸ್ತುವಿನದು ನೋಡಿ. ಕಿಟಕಿಯ ಎಟಲಾನೇ ಸಾಕಷ್ಟು ವ್ಯತ್ಯಾಸ ತರಬಲ್ಲದು. ನಿಮ್ಮ ಮೈಲಾರಿನ ದಪ್ಪವನ್ನೂ ತಿಳಿಸಿ. 2.5ರಲ್ಲಿ ಅದು ತಾನೇ ಸ್ವಲ್ಪ ಹೀರುತ್ತದೆ, ಪ್ರತಿಫಲಿಸುತ್ತದೆ, 300 ಗಿಗಾಹರ್ಟ್ಸ್‌ನಲ್ಲಿ ಲೆಕ್ಕಕ್ಕಿಲ್ಲ.

ತರಂಗಜೀವಿ

ಕ್ಯಾಲಿಬ್ರೇಶನ್ ಕಾಗದದಲ್ಲಿ ಒಂದೇ ಫ್ರೀಕ್ವೆನ್ಸಿ ಇದೆ, ಅದು 300 ಗಿಗಾಹರ್ಟ್ಸ್ ಅಲ್ಲ. ಮೈಲಾರ್ 6 ಮೈಕ್ರಾನ್. ನಾಳೆ ಗೋಲೆ ಸೆಲ್, ಗಾಳಿಗೂಡು ಎರಡನ್ನೂ ಲೇಸರಿನ ಮುಂದೆ ಇಡುತ್ತೇನೆ. ಅಲ್ಲಿ ಅಂತರ ಬದಲಾದರೆ ತಪ್ಪು ಕಿಟಕಿಯದು, ಬದಲಾಗದಿದ್ದರೆ ನನ್ನ ಗೂಡನ್ನು ಬಿಚ್ಚಿ ಮೊದಲಿಂದ ನೋಡಬೇಕು. ಅಂಕಿಗಳನ್ನು ತೇವಾಂಶದ ಸಮೇತ ಇಲ್ಲೇ ಹಾಕುತ್ತೇನೆ.